ಡಾಲ್ಫಿನ್ನಿನ ಎಡಗೆನ್ನೆ

ಕಳೆದ ಸಂಚಿಕೆಯಲ್ಲಿ ಹಪ್ಪಳ ಸಂಡಿಗೆಗಳ ಮಾತು ಮುಗಿಸುವಾಗ, ಮುಂದಿನ ಸಲ ನಮ್ಮ ಅಣ್ಣನವರ ಹಳೆಯ ಕಾರಿನ ವೃತ್ತಾಂತವನ್ನು ಬರೆಯುತ್ತೇವೆಂದು ವಾಚಕ ಬಂಧುಗಳಿಗೆ ಮಾತು ಕೊಟ್ಟಿದ್ದೆವು. ಕೊಟ್ಟ ಮಾತು ಪೇಚಿಗಿಟ್ಟುಕೊಂಡಿತು. ಕಾರಿನ ಕೆಲಸ ಆಗ ಮುಗಿದಿರಲಿಲ್ಲ. ಈಗಲೂ ಪೂರ್ತಿಯಾಗಿ ಮುಗಿದಿಲ್ಲ. ಆದರೆ ದೀಪಾವಳಿಯ ಸಂತೋಷಕೂಟದಲ್ಲಿ ಮೂರು ನಾಲ್ಕು ಜನ ಕೈಹಿಡಿದು ನಿಲ್ಲಿಸಿ, “ಏನಾಯಿತು ಸ್ವಾಮಿ, ಆ ಪ್ಲಾಸ್ಟಿಕ್ ಕಾರು?” ಎಂದು ವಿಚಾರಿಸಿದ ಮೇಲೆ ಸುಮ್ಮನಿರುವುದು ಸಾಧ್ಯವಾಗಲಿಲ್ಲ.

ಮೊದಲಿಗೇ ಒಂದು ಅರಿಕೆ. ಅದು ಪ್ಲಾಸ್ಟಿಕ್ ಕಾರಲ್ಲ, ಫೈಬರ್‌ಗ್ಲಾಸ್ ಕಾರು. ಎರಡೂ ಒಂದೇ ಎಂದರೆ ನಮ್ಮ ಅಣ್ಣನವರು ಮಾತು ಬಿಡುತ್ತಾರೆ. ನಮ್ಮ ತಾಯಿಯವರ ಕಾಲದಲ್ಲಿ ಬಿದಿರಿನ ಮೊರಕ್ಕೆ ಮೆಂತ್ಯ ಮತ್ತು ಹಳೆಯ ಕಾಗದ ನೆನೆಸಿ ರುಬ್ಬಿ ಬಳಿಯುತ್ತಿದ್ದುದು ಹಿರಿಯ ವಾಚಕಿಯರಿಗೆ ನೆನಪಿರಬಹುದು. ಒಣಗಿದ ಮೇಲೆ ಬಿದಿರಿನ ಬಿಗಿಯೂ ಮೆಂತ್ಯದ ಅಂಟೂ ಸೇರಿ ಆ ಮೊರ ಹತ್ತು ವರ್ಷ ಬಾಳುತ್ತಿತ್ತು. ಇದೂ ಹಾಗೆಯೇ. ಕೂದಲಿಗಿಂತ ಸಣ್ಣದಾದ ಗಾಜಿನ ಎಳೆಗಳ ಚಾಪೆಯೊಂದು ಇರುತ್ತದೆ. ಅದಕ್ಕೆ ರೆಸಿನ್ ಎಂಬ ಅಂಟುದ್ರವವನ್ನು ಕುಡಿಸಿ ಅಚ್ಚಿನ ಮೇಲೆ ಪದರ ಪದರವಾಗಿ ಹಾಸಿದರೆ, ಅದು ಕಲ್ಲಿನಂತೆ ಗಟ್ಟಿಯಾಗುತ್ತದೆ. ತುಕ್ಕು ಹಿಡಿಯುವುದಿಲ್ಲ, ತೂಕವೂ ಇಲ್ಲ. ತಗಡಿನ ಮೈ ಒತ್ತಲು ಬೇಕಾಗುವ ದೊಡ್ಡ ದೊಡ್ಡ ಪ್ರೆಸ್ಸುಗಳಿಗೆ ಸುರಿಯುವಷ್ಟು ಹಣವಿಲ್ಲದ ಸಣ್ಣ ಕಾರ್ಖಾನೆಗಳಿಗೆ ಇದು ವರವಾಯಿತು. ಸಣ್ಣವರಿಗೆ ಮಾತ್ರವೇನೂ ಅಲ್ಲ. ಅಮೆರಿಕದ ಶೆವರ್ಲೆಯವರು 1953ರಲ್ಲಿ ಕಾರ್ವೆಟ್ ಕಾರನ್ನು ಹೊರತಂದಾಗ ಅದರ ಮೈ ಫೈಬರ್‌ಗ್ಲಾಸಿನದೇ ಆಗಿತ್ತು.

ನಮ್ಮ ಬೆಂಗಳೂರಿನ ಸಿಪಾನಿಯವರು ಹಿಡಿದದ್ದೂ ಇದೇ ದಾರಿಯನ್ನು. 1970ರ ದಶಕದಲ್ಲಿ ಮುಂದೆ ಒಂದು, ಹಿಂದೆ ಎರಡು ಚಕ್ರಗಳಿದ್ದ ‘ಬಾದಲ್’ ಎಂಬ ಪುಟ್ಟ ವಾಹನ ಬೆಂಗಳೂರಿನಲ್ಲಿ ತಯಾರಾಯಿತು. ಅದರ ಬೆನ್ನಿಗೆ 1982ರಲ್ಲಿ ‘ಡಾಲ್ಫಿನ್’ ಬಂದಿತು. ಇಂಗ್ಲೆಂಡಿನ ಟ್ಯಾಮ್‌ವರ್ತ್ ಊರಿನ ರಿಲಯಂಟ್ ಕಂಪೆನಿ ಮಾಡುತ್ತಿದ್ದ ‘ಕಿಟನ್’ ಕಾರಿನ ನಮೂನೆ ಅದು. 848 ಸಿ.ಸಿ. ಇಂಜಿನು, ಎರಡು ಬಾಗಿಲು, ಉಕ್ಕಿನ ಛಾಸಿ, ಮೇಲೆ ಫೈಬರ್‌ಗ್ಲಾಸಿನ ಮೈ. ಒಟ್ಟು ತೂಕ ಸುಮಾರು ಅರ್ಧ ಟನ್ನು. ಹಗುರವೆಂದು ರ್‍ಯಾಲಿ ಓಡಿಸುವ ಹುಡುಗರು ಅದನ್ನು ಮೆಚ್ಚಿಕೊಂಡರು. ಎರಡೇ ಬಾಗಿಲೆಂದು ಸಂಸಾರಸ್ಥರು ಹಿಂಜರಿದರು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಡಾಲ್ಫಿನ್ನಿನ ಗತಿಯೇನಾಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹೀಗಿದ್ದೂ ಅಣ್ಣನವರು 1984ರಲ್ಲಿ ಡಾಲ್ಫಿನ್ನನ್ನೇ ಕೊಂಡರು. ಮಾರುತಿಗೆ ಹೆಸರು ಬರೆಸಿ ಕಾಯುವ ತಾಳ್ಮೆ ಅವರಿಗಿರಲಿಲ್ಲ ಎಂಬುದು ನಮ್ಮ ಅಭಿಪ್ರಾಯ. “ನಮ್ಮೂರಲ್ಲಿ ಮಾಡಿದ ಕಾರು ಕಣೋ” ಎಂಬುದು ಅವರ ಉತ್ತರ. 1987ರಲ್ಲಿ ಅವರಿಗೆ ಪುಣೆಗೆ ವರ್ಗವಾದಾಗ ಸಾಮಾನುಗಳು ಲಾರಿಯಲ್ಲಿ ಬಂದವು. ಸಂಸಾರ ಡಾಲ್ಫಿನ್ನಿನಲ್ಲಿ ಬಂದಿತು. ಆಮೇಲೆ ಪ್ರತಿ ವರ್ಷ ಬೇಸಗೆ ರಜೆಗೆ ಅದೇ ಕಾರಿನಲ್ಲಿ ಸಾತಾರಾ, ಕೊಲ್ಲಾಪುರ, ನಿಪ್ಪಾಣಿ, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆಗಳ ಮೇಲೆ ಬೆಂಗಳೂರಿಗೆ. ನಡುವೆ ಒಂದು ರಾತ್ರಿ ಹುಬ್ಬಳ್ಳಿಯ ನಮ್ಮ ಸೋದರತ್ತೆಯ ಮನೆಯಲ್ಲಿ ಬಿಡಾರ. ಖಂಬಾಟಕಿ ಘಾಟಿನಲ್ಲಿ ಎಷ್ಟು ಸಲ ನೀರು ಕುದಿದು ನಿಂತಿದ್ದೆವೋ ಲೆಕ್ಕವಿಲ್ಲ. ಪರಸ್ಥಳದಲ್ಲಿ ನೆಲಸಿದ ಕನ್ನಡ ಕುಟುಂಬಗಳಿಗೆ ಊರಿನ ದಾರಿಯೆಂದರೆ ಏನೆಂದು ಈ ಪತ್ರಿಕೆಯ ವಾಚಕರಿಗೆ ನಾವು ಹೇಳಬೇಕೆ?

1991ರ ಮೇ ತಿಂಗಳಲ್ಲಿ ನಿಪ್ಪಾಣಿಯ ಬಳಿ ತಂಬಾಕಿನ ಮೂಟೆ ಹೇರಿದ್ದ ಎತ್ತಿನ ಗಾಡಿಯೊಂದು ಹಿಂದಕ್ಕೆ ಸರಿದು ಕಾರಿನ ಎಡಗಡೆಯ ಮುಂದಿನ ಮಡ್‌ಗಾರ್ಡಿಗೆ ತಾಗಿತು. ತಗಡಾಗಿದ್ದರೆ ತಗ್ಗಾಗುತ್ತಿತ್ತು. ಫೈಬರ್‌ಗ್ಲಾಸು ತಗ್ಗಾಗುವುದಿಲ್ಲ, ಒಂದೋ ಪುಟಿದು ಸರಿಯಾಗುತ್ತದೆ, ಇಲ್ಲವೋ ಒಡೆಯುತ್ತದೆ. ಇದು ಒಡೆಯಿತು. ಪುಣೆಗೆ ಹಿಂದಿರುಗಿದ ಮೇಲೆ ಅಣ್ಣನವರೂ ಅತ್ತಿಗೆಯವರೂ ಸೇರಿ ಮನೆಯ ಮುಂದಿನ ಅಂಗಳದಲ್ಲಿಯೇ ರಿಪೇರಿಗೆ ಕುಳಿತರು. ಆ ದಿನ ಭಾನುವಾರ. ಅರ್ಧ ಕೆಲಸವಾಗುವಾಗ ಗಾಜಿನ ಚಾಪೆ ಮುಗಿಯಿತು. ಕಲಸಿದ ರೆಸಿನ್ ಬಟ್ಟಲಿನಲ್ಲಿ ಗಟ್ಟಿಯಾಗತೊಡಗಿತು. ಅತ್ತಿಗೆಯವರು ಒಳಗೆ ಓಡಿ ತಮ್ಮ ಹಳೆಯ ವಾಯಲ್ ಸೀರೆಯೊಂದನ್ನು ತಂದು ಪರ್ರನೆ ಹರಿದು, ಅದನ್ನೇ ರೆಸಿನ್ನಿನಲ್ಲಿ ಅದ್ದಿ ಒಳಗಡೆ ಹಾಸಿದರು. ಹೊರಗಡೆ ಸ್ವಲ್ಪ ಧಾರಾಳವಾಗಿಯೇ ಪುಟ್ಟಿ ಬಳಿದರು. ಒಣಗಿದ ಮೇಲೆ ನೋಡಿದರೆ ಬಾಗಿಲ ಕಡೆಯ ಅಂಚಿಗೆ ಒಂದು ಉಬ್ಬು. ಅಣ್ಣನವರು ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದರು. ಮನೆಯ ಮಕ್ಕಳು ಅದಕ್ಕೆ ‘ಹಲ್ಲುನೋವಿನ ಗೆನ್ನೆ’ ಎಂದು ಹೆಸರಿಟ್ಟರು. ಹೆಸರು ನಿಂತಿತು, ಉಬ್ಬೂ ನಿಂತಿತು.

ಅತ್ತಿಗೆಯವರು 2009ರಲ್ಲಿ ತೀರಿಕೊಂಡರು. ಅದಾದ ಎರಡು ವರ್ಷಕ್ಕೆ ಕಾರು ನಿಂತಿತು. ಕಟ್ಟಡದ ಹಿಂದುಗಡೆ ಮಳೆಮರದ ಕೆಳಗೆ, ಟಾರ್ಪಾಲಿನ ಹೊದಿಕೆಯಲ್ಲಿ ಹನ್ನೆರಡು ವರ್ಷ ಕಳೆಯಿತು. 2023ರ ಮಳೆಗಾಲದಲ್ಲಿ ಒಂದು ರಾತ್ರಿ ಆ ಮರದ ದೊಡ್ಡ ಕೊಂಬೆ ಮುರಿದು ನೇರವಾಗಿ ಅದರ ಮೇಲೆ ಬಿದ್ದಿತು. ಬಾನೆಟ್ಟು ಬಿರುಕು ಬಿಟ್ಟಿತು, ಎಡಗೆನ್ನೆ ನಾಲ್ಕು ಚೂರಾಯಿತು. ಅದರ ಹಿಂದೆಯೇ ಹೌಸಿಂಗ್ ಸೊಸೈಟಿಯವರ ನೋಟೀಸು: ಓಡದ ವಾಹನಗಳನ್ನು ಇಂತಿಷ್ಟು ತಿಂಗಳಲ್ಲಿ ತೆಗೆಯದಿದ್ದರೆ ಗುಜರಿಗೆ ಕೊಡಲಾಗುವುದು.

ಅಣ್ಣನವರಿಗೆ ಈಗ ಎಂಬತ್ತು ದಾಟಿದೆ. ಅಕ್ಷಿಪಟಲದ ತೊಂದರೆಯಿಂದ ನೋಟದ ನಡುಭಾಗ ಹೋಗಿದೆ. ಎದುರಿಗೆ ನಿಂತವರ ಮುಖ ಕಾಣದು. ಪಕ್ಕದ ಬಾಗಿಲು, ಕಿಟಕಿ ಕಾಣುತ್ತವೆ. ಅವರ ಮಗನ ವಾದ ಸ್ಪಷ್ಟವಾಗಿತ್ತು: “ಅಪ್ಪ ಓಡಿಸೋದಿಲ್ಲ, ನಾನು ಓಡಿಸೋದಿಲ್ಲ. ಹೊಸ ಕಾರಿನ ಅರ್ಧ ಬೆಲೆ ಇದಕ್ಕೆ ಸುರಿಯೋದು ಯಾಕೆ ಚಿಕ್ಕಪ್ಪಾ?” ನಾವು ಮುಚ್ಚುಮರೆಯಿಲ್ಲದೆ ಹೇಳಬೇಕೆಂದರೆ, ಆಗ ನಮ್ಮ ಮನಸ್ಸೂ ಹುಡುಗನ ಕಡೆಗೇ ಇತ್ತು. ಅಣ್ಣನವರು ವಾದಕ್ಕೆ ನಿಲ್ಲಲಿಲ್ಲ. “ಒಂದು ಸಲ ಅದರಲ್ಲಿ ಕೂತು ಘಾಟಿ ಇಳೀಬೇಕು” ಎಂದರು, ಅಷ್ಟೆ. ಅದಾದ ಮೇಲೆ ಯಾರೂ ಗುಜರಿಯ ಮಾತೆತ್ತಲಿಲ್ಲ.

ಮೊದಲು ಒಂದು ಗ್ಯಾರೇಜಿಗೆ ಕೊಟ್ಟೆವು. ಹೆಸರು ಬೇಡ. ಅವರು ತಗಡಿನ ಕೆಲಸದಲ್ಲಿ ನುರಿತವರು, ಒಳ್ಳೆಯವರೇ. ಆದರೆ ಇದು ತಗಡಲ್ಲ ಎಂಬುದನ್ನು ಅವರೂ ಮನಸ್ಸಿಗೆ ತಂದುಕೊಳ್ಳಲಿಲ್ಲ, ನಾವೂ ತಂದುಕೊಡಲಿಲ್ಲ. ಈ ಕಾರಿಗೆ ಅಂಗಡಿಯಲ್ಲಿ ಮಡ್‌ಗಾರ್ಡು ಸಿಗುವುದಿಲ್ಲ. ಸಿಕ್ಕರೂ ಬೋಲ್ಟು ಬಿಚ್ಚಿ ಬೇರೆ ಹಾಕುವಂತಿಲ್ಲ. ಬಾನೆಟ್ಟು, ಬಾಗಿಲುಗಳು, ಹಿಂದಿನ ಮುಚ್ಚಳ ಬಿಟ್ಟರೆ ಮಿಕ್ಕ ಮೈಯೆಲ್ಲ ಒಂದಕ್ಕೊಂದು ಅಂಟಿಸಿದ್ದು. ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದು ಹೊಸ ತುಂಡನ್ನು ಬೆಸೆಯಬೇಕು. ಆ ಹೊಸ ತುಂಡನ್ನು ಅವರು ಕಣ್ಣಂದಾಜಿನಲ್ಲಿ ಮಾಡಿದರು. ಇಂಜಿನನ್ನು ಇಳಿಸಿ, ಕಾರನ್ನು ನಾಲ್ಕು ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿ, ಅದೇ ಸ್ಥಿತಿಯಲ್ಲಿ ತುಂಡನ್ನು ಕೂಡಿಸಿಬಿಟ್ಟರು. ಆಮೇಲೆ ಇಂಜಿನು ಕೂರಿಸಿ ಕಾರನ್ನು ನೆಲಕ್ಕಿಳಿಸಿದರೆ ಛಾಸಿ ತನ್ನ ಭಾರಕ್ಕೆ ತಾನು ಕೂದಲೆಳೆಯಷ್ಟು ಬಾಗಿತು. ಎಡಗಡೆಯ ಬಾಗಿಲು ಮಡ್‌ಗಾರ್ಡಿಗೆ ಕಚ್ಚಿಕೊಂಡು ತೆರೆಯದಾಯಿತು. ಅದನ್ನು ಸರಿಪಡಿಸಲು ಅಲ್ಲೊಂದು ಇಲ್ಲೊಂದು ಬೋಲ್ಟು ಹಾಕಿ ಬಿಗಿದು ಎಳೆದರು. ತಗಡು ಎಳೆದತ್ತ ಬರುತ್ತದೆ. ಫೈಬರ್‌ಗ್ಲಾಸು ಬಂದಂತೆ ತೋರಿಸಿ, ವಾರ ಕಳೆದ ಮೇಲೆ ಬೋಲ್ಟಿನ ಸುತ್ತಲೂ ನಕ್ಷತ್ರದಂತೆ ಬಿರುಕು ಬಿಡುತ್ತದೆ. ಅದೂ ಆಯಿತು. ಇನ್ನು ಬಾನೆಟ್ಟಿನ ಹಳೆಯ ಬಣ್ಣ ತೆಗೆಯಲು ತಗಡಿಗೆ ಬಳಿಯುವ ರಾಸಾಯನಿಕವನ್ನೇ ಬಳಿದಿದ್ದರು. ಅದು ಬಣ್ಣದ ಜತೆಗೆ ರೆಸಿನ್ನನ್ನೂ ತಿಂದು, ಬಾನೆಟ್ಟು ಕುಷ್ಠ ಹಿಡಿದಂತಾಗಿತ್ತು. ಈ ಬಣ್ಣವನ್ನು ಮರಳುಕಾಗದದಿಂದ ಕೈಯಲ್ಲೇ ಉಜ್ಜಿ ತೆಗೆಯಬೇಕು. ಬೇರೆ ಹತ್ತಿರದ ದಾರಿಯಿಲ್ಲ.

ಅಣ್ಣನವರು ಬಂದು ಕಾರಿನ ಸುತ್ತ ಕೈಯಾಡಿಸಿದರು. ಎಡಗಡೆಗೆ ಬಂದಾಗ ಕೈ ನಿಂತಿತು. “ಇದು ನಮ್ಮ ಕಾರಿನ ಗೆನ್ನೆ ಅಲ್ಲ” ಎಂದರು. ನಾವು ಹಣ ಕೊಟ್ಟು ಕಾರನ್ನು ಎಳೆಸಿಕೊಂಡು ಬಂದೆವು. ಗ್ಯಾರೇಜಿನವರು ಹಳೆಯ ಚೂರುಗಳನ್ನು ಬಿಸಾಡದೆ ಡಿಕ್ಕಿಯಲ್ಲಿ ಹಾಕಿಟ್ಟಿದ್ದರು. ಆ ಒಂದು ಉಪಕಾರವನ್ನು ಮರೆಯಬಾರದು.

ಅಲ್ಲಿಂದ ಮುಂದಕ್ಕೆ ದಾರಿ ತೋರಿಸಿದ್ದು ನಮ್ಮ ಸಂಘವೇ ಎನ್ನಬೇಕು. ಯುಗಾದಿಯ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತಿದ್ದವರೊಬ್ಬರಿಗೆ ಈ ಗೋಳನ್ನು ಹೇಳಿಕೊಂಡೆವು. ಅವರು ಮಲ್ಪೆಯ ಕಡೆಯವರು. ಚಿಕ್ಕಂದಿನಲ್ಲಿ ಊರಿನಲ್ಲಿ ಫೈಬರ್ ದೋಣಿಗಳ ಕೆಲಸ ಕಲಿತು, ಆಮೇಲೆ ಮುಂಬಯಿ, ಅಲ್ಲಿಂದ ಪುಣೆ. ಈಗ ಕಾರ್ಖಾನೆಗಳಿಗೆ ರಾಸಾಯನಿಕದ ತೊಟ್ಟಿಗಳನ್ನು ಮಾಡಿಕೊಡುತ್ತಾರೆ. “ದೋಣಿಯಾದ್ರೇನು ಕಾರಾದ್ರೇನು ಮಾರಾಯ್ರೆ, ನೀರು ಒಳಗೆ ಬರಬಾರ್ದು ಅಷ್ಟೇ ಅಲ್ವಾ” ಎಂದು ನಕ್ಕು, ಮರುದಿನವೇ ಬಂದು ನೋಡಿದರು. ಅವರನ್ನು ನಾವು ಮೇಸ್ತ್ರಿಗಳೆಂದೇ ಕರೆಯುತ್ತೇವೆ.

ಮೇಸ್ತ್ರಿಗಳು ಮೊದಲು ಮಾಡಿದ್ದು ಕಾರನ್ನು ಮುಟ್ಟುವ ಕೆಲಸವಲ್ಲ, ಚೂರುಗಳನ್ನು ಜೋಡಿಸುವ ಕೆಲಸ. ಗಡಿಗೆಯ ಚೂರುಗಳನ್ನು ಕೂಡಿಸುವಂತೆ ಹಳೆಯ ಎಡಗೆನ್ನೆಯನ್ನು ಚಾಪೆಯ ಮೇಲೆ ಹರಡಿದರು. ಒಳಮೈ ಮೇಲೆ ಮಾಡಿದಾಗ ಕಂದು ರೆಸಿನ್ನಿನೊಳಗಿಂದ ಸಣ್ಣ ಸಣ್ಣ ನೀಲಿ ಹೂವುಗಳು ಕಂಡವು. ಮೂವತ್ತಮೂರು ವರ್ಷವಾದರೂ ವಾಯಲ್ ಸೀರೆಯ ಹೂವು ಮಾಸಿರಲಿಲ್ಲ. ಮೇಸ್ತ್ರಿಗಳು ಒಂದು ನಾಣ್ಯದಿಂದ ತಟ್ಟುತ್ತಾ ಹೋದರು. ಗಾಜಿನ ಚಾಪೆಯಿದ್ದಲ್ಲಿ ಟಣ್ ಟಣ್ ಎಂದಿತು. ಬಟ್ಟೆಯಿದ್ದಲ್ಲಿ ಬೊದ್ದು ಶಬ್ದ. “ಇದು ಬಿಟ್ಟುಹೋಗಿದೆ. ಹತ್ತಿ ನೀರು ಕುಡೀತದೆ, ಪದರ ಬಿಡ್ತದೆ. ಇದಕ್ಕೆ ದೀಪ ಕೂರಿಸಿದ್ರೆ ಮೊದಲ ಹೊಂಡಕ್ಕೇ ಹೋಯ್ತು” ಎಂದರು.

ಅಣ್ಣನವರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕುಳಿತಿದ್ದರು. “ಹಾಗಾದರೆ ಇದನ್ನ ಹಾಕಕ್ಕಾಗಲ್ಲ?” ಎಂದು ಕೇಳಿದರು.

“ಹಾಕಬಹುದು. ಹಾಕಿದ್ರೆ ಉಳಿಯೂದಿಲ್ಲ.”

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮೇಸ್ತ್ರಿಗಳೇ ಹೇಳಿದರು: ಚೂರುಗಳನ್ನು ಹಿಂದಿನಿಂದ ಕೂಡಿಸಿ ಪೂರ್ತಿ ಆಕಾರ ತರುತ್ತೇನೆ, ಅದರ ಮೇಲೆ ಅಚ್ಚು ತೆಗೆಯುತ್ತೇನೆ, ಆ ಅಚ್ಚಿನಲ್ಲಿ ಹೊಸ ಮಡ್‌ಗಾರ್ಡು ಎರೆಯುತ್ತೇನೆ. “ಒಂದೇ ಮಾತು ಕೇಳ್ಬೇಕು ಯಜಮಾನ್ರೆ. ಇಲ್ಲಿ ಅಂಚಲ್ಲಿ ಒಂದು ಉಬ್ಬು ಉಂಟು. ಅಚ್ಚು ತೆಗೆಯೋ ಮುಂಚೆ ಉಜ್ಜಿ ಸಮ ಮಾಡ್ಲಾ?”

“ಬೇಡಿ” ಎಂದರು ಅಣ್ಣನವರು.

“ಬಾಗಿಲಿಗೆ ಸಂದು ಸಿಗೂದಿಲ್ಲ ಮತ್ತೆ.”

“ಆಗಲೂ ಸಿಕ್ಕಿರಲಿಲ್ಲ.”

ಹೀಗೆ ಒಂದು ಕುಟುಂಬದ ಹಲ್ಲುನೋವು ಮೇಸ್ತ್ರಿಗಳ ತಲೆನೋವಾಯಿತು. ಅವರು ಕೆಲಸ ಮಾಡಿದ ರೀತಿಯನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ. ವಾಚಕರಲ್ಲಿ ಕೆಲವರ ಮನೆಯಲ್ಲಾದರೂ ಫೈಬರ್‌ಗ್ಲಾಸಿನ ಸಾಮಾನು ಒಡೆದು ಬಿದ್ದಿದ್ದೀತು. (ಮಾಳಿಗೆಯ ಕಪ್ಪು ನೀರಿನ ಟ್ಯಾಂಕು ಮಾತ್ರ ಈ ಜಾತಿಯದಲ್ಲ. ಅದು ಪಾಲಿಥೀನು, ರೆಸಿನ್ ಅದಕ್ಕೆ ಅಂಟುವುದಿಲ್ಲ. ನಾವು ಪ್ರಯತ್ನ ಪಟ್ಟು ಕೈಸುಟ್ಟುಕೊಂಡವರು.)

ಕೂಡಿಸಿದ ಹಳೆಯ ತುಂಡಿನ ಮೇಲೆ ಆರೇಳು ಸಲ ಮೇಣ ತಿಕ್ಕಿದರು. ಪ್ರತಿ ಸಲವೂ ಒಣಗಲು ಬಿಟ್ಟು ಒರೆಸಿದರು. ಅದರ ಮೇಲೆ ತೆಳ್ಳಗೆ ಪೊರೆಗಟ್ಟುವ ಒಂದು ದ್ರವವನ್ನು ಬಳಿದರು. ಇದನ್ನು ತಪ್ಪಿಸಿದರೆ ಅಚ್ಚೂ ತುಂಡೂ ಒಂದಾಗಿ ಎರಡೂ ಹಾಳು. ಆಮೇಲೆ ಜೆಲ್‌ಕೋಟು ಎಂಬ ಗಟ್ಟಿ ಲೇಪ, ಅದು ಬೆರಳಿಗೆ ಅಂಟುವಷ್ಟು ಆರಿದ ಮೇಲೆ ಗಾಜಿನ ಚಾಪೆಯ ಪದರಗಳು. ಒಂದು ಕಿಲೋ ರೆಸಿನ್ನಿಗೆ ಗಟ್ಟಿಯಾಗಿಸುವ ದ್ರವ ಹತ್ತರಿಂದ ಇಪ್ಪತ್ತು ಗ್ರಾಂ ಸಾಕು. ಪುಣೆಯ ಏಪ್ರಿಲ್ ಬಿಸಿಲಿನಲ್ಲಿ ಹತ್ತೂ ಹೆಚ್ಚೇ. ಎಷ್ಟು ಬಳಿಯಲಾದೀತೋ ಅಷ್ಟನ್ನೇ ಕಲಸಬೇಕು. ಇನ್ನೊಂದು ಎಚ್ಚರಿಕೆಯನ್ನು ದೊಡ್ಡಕ್ಷರದಲ್ಲಿ ಬರೆದಂತೆ ಓದಿಕೊಳ್ಳಬೇಕು. ರೆಸಿನ್ನಿಗೆ ಕೋಬಾಲ್ಟ್ ಎಂಬ ನೇರಳೆ ದ್ರವವನ್ನೂ ಹಾಕುವುದುಂಟು. ಅದನ್ನು ಮೊದಲು ರೆಸಿನ್ನಿನಲ್ಲಿ ಚೆನ್ನಾಗಿ ಕಲಸಿದ ಮೇಲೆಯೇ ಗಟ್ಟಿಯಾಗಿಸುವ ದ್ರವವನ್ನು ಹಾಕಬೇಕು. ಅವೆರಡನ್ನೂ ನೇರವಾಗಿ ಒಂದಕ್ಕೊಂದು ಸೇರಿಸಿದರೆ ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಮಕ್ಕಳಿರುವ ಮನೆಯಲ್ಲಿ ಆ ಸೀಸೆಗಳನ್ನು ಇಡಲೇಬಾರದು.

ಚಾಪೆಯನ್ನು ಹಾಸಿದ ಮೇಲೆ ಕುಂಚದ ತುದಿಯಿಂದ ಕುಟ್ಟಿ ಕುಟ್ಟಿ, ಸಣ್ಣ ರೋಲರಿನಿಂದ ಉರುಳಿಸಿ ಒಳಗಿನ ಗಾಳಿಯನ್ನು ಹೊರಡಿಸಬೇಕು. ಗಾಳಿ ಉಳಿದಲ್ಲಿ ಆಮೇಲೆ ಬಣ್ಣದ ಕೆಳಗೆ ಗುಳ್ಳೆ ಏಳುತ್ತದೆ. ತುಂಡನ್ನು ಅಚ್ಚಿನಿಂದ ಬಿಡಿಸಲು ಆತುರ ಕೂಡದು. ರೆಸಿನ್ ಆರುವಾಗ ಕುಗ್ಗುತ್ತದೆ, ಹಸಿಯಲ್ಲೇ ಬಿಡಿಸಿದ ತುಂಡು ಹಪ್ಪಳದಂತೆ ಸೊಟ್ಟಗಾಗುತ್ತದೆ. ಮೇಸ್ತ್ರಿಗಳು ಒಂದು ವಾರ ಹಾಗೆಯೇ ಬಿಟ್ಟರು. ನಾವು ದಿನವೂ ಹೋಗಿ ನೋಡಿ ಬರುತ್ತಿದ್ದೆವು. ಬಾಣಂತಿ ಕೋಣೆಗೆ ಹೋಗಿಬರುವ ನೆಂಟರಂತೆ ನಮ್ಮನ್ನು ಅವರು ಸಹಿಸಿಕೊಂಡರು.

ಕೂಡಿಸುವ ಕೆಲಸದಲ್ಲಿ ಅವರ ಕ್ರಮ ಮೊದಲಿನ ಗ್ಯಾರೇಜಿಗೆ ತಿರುಗುಮುರುಗು. ಕಾರು ತನ್ನ ನಾಲ್ಕು ಚಕ್ರಗಳ ಮೇಲೆ, ಸಮನೆಲದ ಮೇಲೆ, ಒಳಗೆ ಇಂಜಿನು ಬ್ಯಾಟರಿ ಎಲ್ಲ ಇರುವಂತೆ ನಿಂತಿರಬೇಕು. ಮೊದಲು ಛಾಸಿಯ ತುಕ್ಕು ನೋಡಿಸಿದರು. ಮೈಗೆ ತುಕ್ಕಿಲ್ಲವೆಂದು ಜನ ಮರೆತುಬಿಡುತ್ತಾರೆ. ಕೆಳಗಿನ ಉಕ್ಕಿಗೆ ತುಕ್ಕು ಇದ್ದೇ ಇದೆ. ಎಡಗಡೆ ಎರಡು ಕಡೆ ಹೊಸ ಉಕ್ಕು ಬೆಸೆಯಬೇಕಾಯಿತು. ಆಮೇಲೆ ಬಾಗಿಲು. ಬಾಗಿಲಿನ ಹಿಂಜಿನ ಗೂಟ ಸವೆದು ಬಾಗಿಲು ತುಸು ಜೋತಿತ್ತು. ಅದನ್ನು ಬದಲಾಯಿಸಿ ಬಾಗಿಲನ್ನು ನೆಟ್ಟಗೆ ನಿಲ್ಲಿಸಿದರು. “ಬಾಗಿಲು ಸಾಕ್ಷಿ ಇದ್ದ ಹಾಗೆ. ಸಾಕ್ಷಿ ನೆಟ್ಟಗಿದ್ರೆ ಉಳಿದವ್ರನ್ನ ನಂಬಬಹುದು” ಎಂಬುದು ಅವರ ಮಾತು. ನಂತರ ಬಾನೆಟ್ಟನ್ನು ಕೂರಿಸಿ ನೋಡಿದರು. ಇವೆರಡರ ನಡುವೆ ಉಳಿದ ಜಾಗವೇ ಮಡ್‌ಗಾರ್ಡಿನ ಜಾಗ.

ಹೊಸ ತುಂಡನ್ನು ಸುತ್ತಲೂ ಅರ್ಧ ಇಂಚು ಹೆಚ್ಚಾಗಿಯೇ ಕತ್ತರಿಸಿದ್ದರು. ಅದನ್ನು ಅಂಟಿಸದೆ, ಬರಿಯ ಸಣ್ಣ ತಿರುಪುಗಳಿಂದಲೂ ಕ್ಲಾಂಪುಗಳಿಂದಲೂ ಹಿಡಿಸಿ, ಸಂದುಗಳಲ್ಲಿ ಐದು ಮಿಲಿಮೀಟರಿನ ಮರದ ಪಟ್ಟಿಗಳನ್ನು ಸಿಕ್ಕಿಸಿ ನೋಡಿದರು. ಬಿಚ್ಚಿದರು, ಉಜ್ಜಿದರು, ಮತ್ತೆ ಕೂರಿಸಿದರು. ಹೀಗೆ ನಾವು ಎಣಿಸಿದಂತೆ ಹನ್ನೊಂದು ಸಲ. ಸಂಜೆಯ ಓರೆ ಬಿಸಿಲಿನಲ್ಲಿ ಇಪ್ಪತ್ತು ಹೆಜ್ಜೆ ದೂರ ನಿಂತು ನೋಡುತ್ತಿದ್ದರು. ಹತ್ತಿರದಿಂದ ಕಾಣದ ಸೊಟ್ಟ ಆಗ ಕಾಣುತ್ತದಂತೆ. ಎಲ್ಲ ಕಡೆಯೂ ಐದು ಮಿಲಿಮೀಟರು ಬಂದಿತು, ಉಬ್ಬಿದ್ದಲ್ಲಿ ಮಾತ್ರ ಎರಡೂವರೆ. ಬಾಗಿಲು ತೆರೆಯುವಾಗ ಅಲ್ಲಿ ಉಜ್ಜುತ್ತಿತ್ತು. ಬಾಗಿಲನ್ನು ಹಿಂದಕ್ಕೆ ಸರಿಸಲು ಹಿಂಜಿನ ಕೆಳಗೆ ತೆಳ್ಳನೆಯ ಒಂದು ತಗಡಿನ ಬಿಲ್ಲೆ ಕೊಟ್ಟರು. ಮುಂದಿನ ಸಂದು ಸರಿಹೋಯಿತು, ಹಿಂದಿನ ಸಂದು ಬಿಗಿಯಾಯಿತು. ಅದನ್ನು ಬಿಡಿಸಿದರೆ ಬಾಗಿಲಿನ ಬೀಗ ಸರಿಯಾಗಿ ಕೂರದು. ಎರಡು ದಿನ ಇದೇ ಆಯಿತು. ಅಣ್ಣನ ಮಗನು ಆಫೀಸಿನಿಂದ ಬರುತ್ತ ಅಲ್ಲಿ ನಿಂತು, “ಆ ಉಬ್ಬು ಅರ್ಧ ಆದರೂ ಉಜ್ಜಿಬಿಡಿ ಮೇಸ್ತ್ರಿಗಳೇ, ಅಪ್ಪನಿಗೆ ಗೊತ್ತಾಗಲ್ಲ” ಎಂದನು. ಮೇಸ್ತ್ರಿಗಳು ಕೈಯಲ್ಲಿದ್ದ ಮರಳುಕಾಗದವನ್ನು ಅವನ ಮುಂದೆ ಹಿಡಿದು, “ನೀವೇ ಉಜ್ಜಿ” ಎಂದರು. ಹುಡುಗ ಅದನ್ನು ತೆಗೆದುಕೊಂಡು ಸ್ವಲ್ಪ ಹೊತ್ತು ನೋಡಿದನು, ಹಿಂದಕ್ಕೆ ಕೊಟ್ಟನು.

ಕೊನೆಗೆ ಬಾಗಿಲಿನ ಎರಡೂ ಕಡೆಗೆ ನಷ್ಟವನ್ನು ಹಂಚಿದರು. ಮುಂದೆ ನಾಲ್ಕು, ಹಿಂದೆ ನಾಲ್ಕು, ಉಬ್ಬಿನಲ್ಲಿ ಮೂರು. ಬಾಗಿಲು ತೆರೆಯುತ್ತದೆ, ಮುಚ್ಚುತ್ತದೆ, ಉಜ್ಜುವುದಿಲ್ಲ.

ಸಂದು ಗೊತ್ತಾದ ಮೇಲೆಯೇ ಬೆಸುಗೆ. ಮೂರು ಮಿಲಿಮೀಟರು ದಪ್ಪದ ತುಂಡಿಗೆ ಅಂಚನ್ನು ಸುಮಾರು ಮೂವತ್ತಾರು ಮಿಲಿಮೀಟರು ಅಗಲಕ್ಕೆ ಇಳಿಜಾರಾಗಿ ಉಜ್ಜಿದರು, ಹಳೆಯ ಮೈಗೂ ಹೊಸ ತುಂಡಿಗೂ. ಮೊದಲು ಒಳಗಿನಿಂದ ಪದರಗಳು, ಆಮೇಲೆ ಹೊರಗಿನಿಂದ. ಬರಿಯ ಪುಟ್ಟಿಯಿಂದ ಮುಚ್ಚಿದ ಸಂದು ಆರು ತಿಂಗಳಲ್ಲಿ ಗೆರೆಯಾಗಿ ಎದ್ದು ಕಾಣುತ್ತದೆ. ಉಜ್ಜುವಾಗ ಏಳುವ ಗಾಜಿನ ಧೂಳು ಮೂಗಿಗೂ ಚರ್ಮಕ್ಕೂ ಶತ್ರು. ಮುಖವಾಡ, ಕೈಗವಸು, ತುಂಬುತೋಳಿನ ಅಂಗಿ ಬೇಕೇ ಬೇಕು. ನಾವು ಅರ್ಧ ಗಂಟೆ ಅಸಡ್ಡೆ ಮಾಡಿ ಎರಡು ರಾತ್ರಿ ಮೈ ಕೆರೆದುಕೊಂಡೆವು. ಮನೆಯವರು ನಮ್ಮ ಅಂಗಿಯನ್ನು ಉಳಿದ ಬಟ್ಟೆಗಳ ಜತೆ ಒಗೆಯಲು ಹಾಕದೆ ಬಾಗಿಲಾಚೆ ಇಟ್ಟರು. ಅದು ಸರಿಯಾದ ಕ್ರಮವೇ.

ದೀಪದ ವಿಷಯ ಹೇಳಲು ಮರೆತೆವು. ತಗಡಿನ ಕಾರಿನಲ್ಲಿ ವಿದ್ಯುತ್ತು ಹಿಂದಿರುಗಲು ಮೈಯೇ ದಾರಿ. ಇಲ್ಲಿ ಮೈಯಲ್ಲಿ ವಿದ್ಯುತ್ತು ಹರಿಯದು. ಪ್ರತಿಯೊಂದು ದೀಪದಿಂದಲೂ ಛಾಸಿಗೆ ಬೇರೆಯಾಗಿ ಒಂದು ತಂತಿ ಎಳೆಯಬೇಕು. ಮೊದಲಿನ ಗ್ಯಾರೇಜಿನಲ್ಲಿ ಇದನ್ನು ಬಿಟ್ಟಿದ್ದರು. ಎಡದ ದೀಪ ಹತ್ತಲೇ ಇಲ್ಲವೆಂದು ಮೂರು ಬಲ್ಬು ಬದಲಾಯಿಸಿದ್ದೆವು.

ನೀಲಿ ಹೂವುಗಳಿದ್ದ ಹಳೆಯ ತುಂಡಿನ ಅಂಗೈಯಗಲದ ಭಾಗವನ್ನು ಮೇಸ್ತ್ರಿಗಳು ಕತ್ತರಿಸಿ, ಅಂಚುಗಳನ್ನು ನಯ ಮಾಡಿ ಇಟ್ಟಿದ್ದರು. ಅಣ್ಣನವರಿಗೆ ಕೊಡುವುದೆಂದು ನಮ್ಮ ಯೋಚನೆ. ನಾವು ಹೋಗುವಷ್ಟರಲ್ಲಿ ಅವರ ಮಗ ಅದನ್ನು ತೆಗೆದುಕೊಂಡು ಹೋಗಿದ್ದನು. ಎಲ್ಲಿಟ್ಟಿದ್ದಾನೆಂದು ನಾವು ಕೇಳಿಲ್ಲ.

ಈಗ ಕಾರು ಬೂದು ಪ್ರೈಮರಿನಲ್ಲಿ ನಿಂತಿದೆ. ಹೊಸ ತುಂಡು ಕೆಲವು ವಾರ ಬಿಸಿಲಿನಲ್ಲಿ ಬೇಯಬೇಕು. ಅದಕ್ಕೆ ಮೊದಲು ಬಣ್ಣ ಹೊಡೆದರೆ ಒಳಗಿನ ಚಾಪೆಯ ಎಳೆಗಳ ಗುರುತು ಬಣ್ಣದಲ್ಲಿ ಮೂಡುತ್ತದೆ. ಬಣ್ಣವಾದ ಮೇಲೆ ಆರ್.ಟಿ.ಓ. ತಪಾಸಣೆ ಇದೆ. 2021ರ ನಿಯಮದಂತೆ ‘ವಿಂಟೇಜ್’ ಎಂದು ನೋಂದಾಯಿಸಲು ವಾಹನಕ್ಕೆ ಐವತ್ತು ವರ್ಷ ದಾಟಿರಬೇಕು. ಡಾಲ್ಫಿನ್ನಿಗೆ ಅದು 2034ಕ್ಕೆ. “ಅಷ್ಟರಲ್ಲಿ ನನ್ನನ್ನೇ ನೋಂದಾಯಿಸಬೇಕಾಗತ್ತೆ” ಎನ್ನುತ್ತಾರೆ ಅಣ್ಣನವರು. ಆದ್ದರಿಂದ ಸಾಧಾರಣ ಹಳೆಯ ಕಾರಿನಂತೆಯೇ ಪರೀಕ್ಷೆಗೆ ನಿಲ್ಲಿಸಬೇಕು. ಸೊಸೈಟಿಯ ಕಾರ್ಯದರ್ಶಿಗಳು ಕೆಲಸ ನಡೆಯುತ್ತಿರುವುದನ್ನು ಕಣ್ಣಾರೆ ನೋಡಿ ಗಡುವನ್ನು ಮುಂದಕ್ಕೆ ಹಾಕಿದ್ದಾರೆ. ಹೋದ ವಾರ ಅವರೇ ಮೊಮ್ಮಗನನ್ನು ಕರೆತಂದು ಕಾರಿನಲ್ಲಿ ಕೂರಿಸಿಕೊಂಡು ಹೋದರು.

ಅಣ್ಣನವರು ದಿನವೂ ಸಂಜೆ ಕೋಲೂರಿಕೊಂಡು ಕೆಳಗಿಳಿದು ಬಂದು ಎಡಗಡೆಯ ಸೀಟಿನಲ್ಲಿ ಕೂರುತ್ತಾರೆ. ಘಾಟಿ ಇಳಿಸುವವನು ಯಾರೆಂಬುದು ಗೊತ್ತಾಗಿದೆ. ಅವರ ಮಗ ಹಳೆಯ ಕ್ಲಚ್ಚಿಗೆ ಕಾಲು ಒಗ್ಗಿಸಿಕೊಳ್ಳುತ್ತಿದ್ದಾನೆ. ಬಣ್ಣ ಯಾವುದೆಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಅಣ್ಣನವರು ಮೊದಲಿನ ಕೆನೆಬಣ್ಣವೇ ಇರಲಿ ಎನ್ನುತ್ತಾರೆ. ಮೊಮ್ಮಗಳು ಕೆಂಪು ಎಂದು ಹಟ ಹಿಡಿದಿದ್ದಾಳೆ.